ಪದಚರ್ಚೆ: ‘ಕ್ರಿಯೇಟರ್ ಕೋಡ್’ಗೆ ‘ಅಂಕಿತ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹಳೆಯ ಮ್ಯಾಕಿಂಟಾಷ್ ಕಂಪ್ಯೂಟರುಗಳು ಫೈಲುಗಳನ್ನು ಹೇಗೆ ಗುರುತು ಹಿಡಿಯುತ್ತಿದ್ದವು ಎಂಬುದರ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರಿಗಾಗಿ. ಮೂರು ಮಾತುಗಳ ಹತ್ತಿರ ನಿಮ್ಮ ಸಹಾಯ ಬೇಕು: ‘ಕ್ರಿಯೇಟರ್ ಕೋಡ್’, ‘ಟೈಪ್ ಕೋಡ್’, ಮತ್ತೆ ಇವನ್ನು ಆಪಲ್ ಕಂಪನಿಯ ಹತ್ತಿರ ‘ರಿಜಿಸ್ಟರ್’ ಮಾಡಿಸುವುದು. ನನ್ನ ಮನಸ್ಸಿನಲ್ಲಿ ಒಂದು ಪದ ಗಟ್ಟಿಯಾಗಿ ಕೂತಿದೆ. ಅದು ನಿಲ್ಲುತ್ತದೋ ಇಲ್ಲವೋ ನೀವು ಹೇಳಬೇಕು.

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. 1984ರಲ್ಲಿ ಬಂದ ಮ್ಯಾಕಿಂಟಾಷ್‌ನಲ್ಲಿ ಫೈಲಿನ ಹೆಸರಿಗೆ ಬಾಲ ಬೇಕಿರಲಿಲ್ಲ. ಡಾಟ್ ಟಿಎಕ್ಸ್‌ಟಿ, ಡಾಟ್ ಡಾಕ್ ಇಂಥದ್ದು ಯಾವುದೂ ಇಲ್ಲ. ‘ಅಮ್ಮನಿಗೆ ಪತ್ರ’ ಅಂತ ಹೆಸರಿಟ್ಟರೆ ಅಷ್ಟೇ ಹೆಸರು. ಹಾಗಾದರೆ ಡಬಲ್ ಕ್ಲಿಕ್ ಮಾಡಿದಾಗ ಯಾವ ತಂತ್ರಾಂಶ ತೆರೆದುಕೊಳ್ಳಬೇಕು ಎಂದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಪ್ರತಿ ಫೈಲಿನ ಜೊತೆಗೂ ಕಣ್ಣಿಗೆ ಕಾಣದಂತೆ ಎರಡು ಗುರುತು ಇರುತ್ತಿದ್ದವು. ಒಂದೊಂದೂ ನಾಲ್ಕು ಬೈಟ್ ಉದ್ದ. ಒಂದು, ಇದು ಎಂಥ ಫೈಲು ಅನ್ನುವುದು. ಇನ್ನೊಂದು, ಇದು ಯಾವ ತಂತ್ರಾಂಶಕ್ಕೆ ಸೇರಿದ್ದು ಅನ್ನುವುದು. ಮೊದಲನೆಯದೇ ಟೈಪ್ ಕೋಡ್, ಎರಡನೆಯದು ಕ್ರಿಯೇಟರ್ ಕೋಡ್.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ನನ್ನ ಬಳಿ ಎರಡು ಪತ್ರಗಳಿವೆ, ಎರಡೂ ಬರೀ ಪಠ್ಯ. ಎರಡರ ಟೈಪ್ ಕೋಡೂ ಒಂದೇ: ದೊಡ್ಡಕ್ಷರದಲ್ಲಿ ಟಿ, ಇ, ಎಕ್ಸ್, ಟಿ. ಮೊದಲ ಪತ್ರದ ಕ್ರಿಯೇಟರ್ ಸಣ್ಣಕ್ಷರದ ಟಿ, ಟಿ, ಎಕ್ಸ್, ಟಿ. ಅದು ಆಪಲ್ಲಿನದೇ ಪಠ್ಯ ತಂತ್ರಾಂಶ ಸಿಂಪಲ್‌ಟೆಕ್ಸ್ಟ್‌ಗೆ ಸೇರಿದ್ದು. ಎರಡನೆಯದರ ಕ್ರಿಯೇಟರ್ ದೊಡ್ಡ ಆರ್, ಒಂದು ನಕ್ಷತ್ರ ಚಿಹ್ನೆ, ಸಣ್ಣ ಸಿ, ಸಣ್ಣ ಎಚ್. ಅದು ಇನ್ನೊಂದು ಪಠ್ಯ ತಂತ್ರಾಂಶವಾದ ಬಿಬಿಎಡಿಟ್‌ನದು. ಒಂದೇ ಬಗೆಯ ಎರಡು ಫೈಲು, ಆದರೆ ಕ್ಲಿಕ್ಕಿಸಿದರೆ ಎರಡು ಬೇರೆ ಬೇರೆ ತಂತ್ರಾಂಶ ತೆರೆದುಕೊಳ್ಳುತ್ತವೆ. ಪರದೆಯ ಮೇಲೆ ಫೈಲಿಗೆ ಕಾಣುವ ಪುಟ್ಟ ಚಿತ್ರಗಳೂ (ಐಕಾನ್) ಬೇರೆ ಬೇರೆ. ವಿಂಡೋಸ್‌ನ ಬಾಲದ ಪದ್ಧತಿಯಲ್ಲಿ ಇದು ಆಗುವುದಿಲ್ಲ. ಅಲ್ಲಿ ಒಂದು ಬಾಲಕ್ಕೆ ಒಂದೇ ಯಜಮಾನ.

ಈ ಏರ್ಪಾಡು ನಡೆಯಬೇಕಾದರೆ ಇಬ್ಬರು ಒಂದೇ ಕ್ರಿಯೇಟರ್ ಕೋಡ್ ಇಟ್ಟುಕೊಳ್ಳಬಾರದು. ಇಟ್ಟುಕೊಂಡರೆ ಇವರ ಫೈಲಿಗೆ ಅವರ ಚಿತ್ರ ಬರುತ್ತದೆ, ಇವರ ಫೈಲು ಅವರ ತಂತ್ರಾಂಶದಲ್ಲಿ ತೆರೆದುಕೊಳ್ಳುತ್ತದೆ. ಆದ್ದರಿಂದ ತಂತ್ರಾಂಶ ಬರೆಯುವವರು ತಮಗೆ ಬೇಕಾದ ನಾಲ್ಕು ಚಿಹ್ನೆಗಳನ್ನು ಆರಿಸಿ ಆಪಲ್ಲಿಗೆ ಕಳಿಸಬೇಕಿತ್ತು. ಬೇರೆ ಯಾರೂ ತೆಗೆದುಕೊಂಡಿಲ್ಲ ಅಂತಾದರೆ ಅದು ಇವರದಾಗುತ್ತಿತ್ತು. ಬರೀ ಸಣ್ಣಕ್ಷರದ ಕೋಡುಗಳನ್ನು ಆಪಲ್ ತನಗೇ ಇಟ್ಟುಕೊಂಡಿತ್ತು. ದೊಡ್ಡಕ್ಷರ ಸಣ್ಣಕ್ಷರ ಬೇರೆಯಾದರೆ ಕೋಡೂ ಬೇರೆ.

ಈಗ ಪದಕ್ಕೆ ಬರುತ್ತೇನೆ. ‘ಸೃಷ್ಟಿಕರ್ತ ಸಂಕೇತ’ ಅಂತ ಕೆಲವರು ಬಳಸಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಸೃಷ್ಟಿಕರ್ತ ಅಂದ ತಕ್ಷಣ ಕನ್ನಡ ಓದುಗರ ಮನಸ್ಸಿಗೆ ಬ್ರಹ್ಮ ಬರುತ್ತಾನೆ. ‘ಕರ್ತೃ’ ಅಂದರೆ ಪತ್ರ ಬರೆದವರು ಅಂತಾಗುತ್ತದೆ. ಇಲ್ಲಿ ಹೇಳುತ್ತಿರುವುದು ಪತ್ರ ಬರೆದ ಮನುಷ್ಯರ ಬಗ್ಗೆ ಅಲ್ಲ, ಅದನ್ನು ಉಳಿಸಿದ ತಂತ್ರಾಂಶದ ಬಗ್ಗೆ. ಆಪಲ್ಲಿನ ಕೈಪಿಡಿಗಳು ಇದನ್ನು ‘ಸಹಿ’ ಎಂಬರ್ಥದ ಮಾತಿನಿಂದಲೂ ಕರೆಯುತ್ತಿದ್ದವು. ಆದರೆ ಇವತ್ತು ‘ಡಿಜಿಟಲ್ ಸಹಿ’ ಬೇರೆಯೇ ಒಂದು ವಸ್ತು, ಕಾನೂನಿನಲ್ಲೂ ಇದೆ. ಅದರ ಜೊತೆ ಕಲಸುಮೇಲೋಗರ ಆಗುವುದು ಬೇಡ. ‘ಮುದ್ರೆ’ ಚೆನ್ನಾಗಿದೆ, ಸಂಗೀತದವರು ವಾಗ್ಗೇಯಕಾರರ ಮುದ್ರೆ ಅನ್ನುತ್ತಾರೆ. ಆದರೆ ಜನರ ಬಾಯಲ್ಲಿ ಮುದ್ರೆ ಅಂದರೆ ಕಚೇರಿಯ ಸೀಲು.

ನನ್ನ ಮನಸ್ಸಿನಲ್ಲಿರುವುದು ‘ಅಂಕಿತ’. ವಚನದ ಕೊನೆಗೆ ಕೂಡಲಸಂಗಮದೇವ ಅಂತಿದ್ದರೆ ಬಸವಣ್ಣನವರದು, ಗುಹೇಶ್ವರ ಅಂತಿದ್ದರೆ ಅಲ್ಲಮನದು, ಚೆನ್ನಮಲ್ಲಿಕಾರ್ಜುನ ಅಂತಿದ್ದರೆ ಅಕ್ಕನದು. ಬರೆದವರ ಹೆಸರು ಎಲ್ಲೂ ಇಲ್ಲದಿದ್ದರೂ ಇದು ಯಾರಿಗೆ ಸೇರಿದ್ದು ಅಂತ ಅಂಕಿತ ಹೇಳುತ್ತದೆ. ಕ್ರಿಯೇಟರ್ ಕೋಡಿನ ಕೆಲಸವೂ ಅದೇ ಅಲ್ವಾ? ಫೈಲಿನ ಹೆಸರು ಏನೇ ಇರಲಿ, ಅದು ಯಾರಿಗೆ ಸೇರಿದ್ದು ಎಂದು ಹೇಳುವುದು.

ಆದರೆ ನಾನು ಈ ಪದದ ಹಿಂದೆ ಬಿದ್ದಿರುವುದು ಅದಕ್ಕಿಂತ ಜಾಸ್ತಿ ದಾಸರ ಕಡೆಯ ಬಳಕೆಯಿಂದಾಗಿ. ಹರಿದಾಸ ಪರಂಪರೆಯಲ್ಲಿ ಅಂಕಿತವನ್ನು ಸುಮ್ನೆ ತಾವೇ ಇಟ್ಟುಕೊಳ್ಳುವುದಿಲ್ಲ. ಗುರು ಕೊಡುತ್ತಾರೆ, ಶಿಷ್ಯ ಪಡೆಯುತ್ತಾನೆ. ವಿಜಯದಾಸರು ಗೋಪಾಲದಾಸರಿಗೆ ‘ಗೋಪಾಲ ವಿಠಲ’ ಎಂಬ ಅಂಕಿತ ಕೊಟ್ಟರು. ಅನೇಕ ದಾಸರ ಅಂಕಿತದಲ್ಲಿ ವಿಠಲ ಇದ್ದಾನೆ, ಅವನ ಜೊತೆಗಿರುವ ಮಾತು ಮಾತ್ರ ಬೇರೆ. ‘ಅಂಕಿತ ಕೊಡು’, ‘ಅಂಕಿತ ಪಡೆ’, ಎರಡೂ ತಯಾರಾಗಿಯೇ ಇರುವ ಕ್ರಿಯಾಪದಗಳು. ಹೊಸದಾಗಿ ಏನನ್ನೂ ಹೊಲಿಯಬೇಕಿಲ್ಲ. ಫೋಟೋಶಾಪ್ ತಯಾರಿಸುವ ಅಡೋಬಿ ಕಂಪನಿಯ ಬಗ್ಗೆ ‘ಆಪಲ್ ಅಂಕಿತ ಕೊಟ್ಟಿತು, ಅಡೋಬಿ ಅಂಕಿತ ಪಡೆಯಿತು’ ಅಂದರೆ ಯಾರು ಯಾರ ಹತ್ತಿರ ಹೋಗಬೇಕು ಅನ್ನುವುದು ವಾಕ್ಯದಲ್ಲೇ ಬಂದುಬಿಡುತ್ತದೆ. ಒಂದು ವ್ಯತ್ಯಾಸ ಇದೆ. ಇಲ್ಲಿ ಚಿಹ್ನೆಗಳನ್ನು ಆರಿಸುವವರು ಬೇಡುವವರೇ, ಕಂಪನಿ ಒಪ್ಪುತ್ತದೆ ಅಷ್ಟೇ. ಅಷ್ಟು ಅಂತರ ಪದಕ್ಕೆ ಭಾರವಾಗುವುದಿಲ್ಲ ಅನ್ನುವುದು ನನ್ನ ಅನಿಸಿಕೆ.

ಶಾಲೆಯ ವ್ಯಾಕರಣವೂ ನನ್ನ ಕಡೆಗಿದೆ. ನದಿ ರೂಢನಾಮ, ಕಾವೇರಿ ಅಂಕಿತನಾಮ. ಮೇಲಿನ ಎರಡು ಪತ್ರಗಳಲ್ಲಿ ಟೈಪ್ ಕೋಡು ಎಲ್ಲರಿಗೂ ಸಾಮಾನ್ಯ, ಯಾರು ಬೇಕಾದರೂ ಆ ಬಗೆಯ ಫೈಲು ಬರೆಯಬಹುದು. ಕ್ರಿಯೇಟರ್ ಕೋಡು ಒಬ್ಬರದೇ. ರೂಢನಾಮಕ್ಕೂ ಅಂಕಿತನಾಮಕ್ಕೂ ಇರುವ ಅಂತರ ಇದೇ. ಹತ್ತನೇ ತರಗತಿ ಮುಗಿಸಿದ ಯಾರಿಗಾದರೂ ಈ ಜೋಡಿ ಗೊತ್ತು. ಆದರೂ ಟೈಪ್ ಕೋಡನ್ನು ‘ರೂಢಿ’ ಅನ್ನಲು ಮನಸ್ಸು ಬರುತ್ತಿಲ್ಲ, ಅದರ ಅರ್ಥ ಬೇರೆ ಕಡೆ ಎಳೆಯುತ್ತದೆ. ‘ಬಗೆ’ ಅಂತ ಬರೆದಿದ್ದೇನೆ: ‘ಫೈಲಿನ ಬಗೆ ಮತ್ತು ಅಂಕಿತ’. ಓದಲು ಹಗುರವಾಗಿದೆ.

ಎದುರು ಮಾತುಗಳೂ ಇವೆ. ಪತ್ರಿಕೆಗಳಲ್ಲಿ ‘ಮಸೂದೆಗೆ ರಾಜ್ಯಪಾಲರ ಅಂಕಿತ’ ಅಂತ ಬರುತ್ತದೆ, ಅಲ್ಲಿ ಅಂಕಿತ ಅಂದರೆ ಒಪ್ಪಿಗೆಯ ಸಹಿ. ಕೃತಿಯನ್ನು ದೇವರಿಗೋ ದೊರೆಗೋ ಅಂಕಿತ ಮಾಡುವುದು ಅಂದರೆ ಅರ್ಪಿಸುವುದು. ಓದುಗರು ಎಡವುತ್ತಾರಾ? ‘ತಂತ್ರಾಂಶದ ಅಂಕಿತ’ ಅಂತ ಮೊದಲ ಸಲ ಪೂರ್ತಿಯಾಗಿ ಹೇಳಿದರೆ ಎಡವುವುದಿಲ್ಲ ಅನ್ನಿಸುತ್ತದೆ. ಇದಕ್ಕೆ ನಿಮ್ಮ ಅಭಿಪ್ರಾಯ ಮುಖ್ಯವಾಗಿ ಬೇಕು.

ಇನ್ನು ‘ರಿಜಿಸ್ಟರ್’. ‘ನಿಮ್ಮ ತಂತ್ರಾಂಶವನ್ನು ನೋಂದಾಯಿಸಿ’ ಎಂಬ ವಾಕ್ಯ ಎಲ್ಲ ಕಡೆ ಕಾಣುತ್ತದೆ. ತಪ್ಪೇನಲ್ಲ, ಆದರೆ ಯಾರು ಯಾರ ಪುಸ್ತಕದಲ್ಲಿ ಬರೆಯಬೇಕು ಅನ್ನುವುದು ಮಸುಕಾಗುತ್ತದೆ. ನಮ್ಮ ಮನೆಗಳಲ್ಲಿ ‘ಸೈಟು ರಿಜಿಸ್ಟ್ರಿ ಮಾಡಿಸಿದ್ವಿ’ ಅನ್ನುತ್ತೇವೆ, ‘ಮಾಡಿದ್ವಿ’ ಅನ್ನುವುದಿಲ್ಲ. ಮಾಡುವವರು ಸಬ್ ರಿಜಿಸ್ಟ್ರಾರ್. ಆ ‘ಇಸು’ ಪ್ರತ್ಯಯ ಎಷ್ಟು ಕೆಲಸ ಮಾಡುತ್ತದೆ ನೋಡಿ. ಹಾಗಾಗಿ ತಂತ್ರಾಂಶ ಬರೆಯುವವರ ಕಡೆಯಿಂದ ‘ನೋಂದಣಿ ಮಾಡಿಸು’, ಆಪಲ್ಲಿನ ಕಡೆಯಿಂದ ‘ನೋಂದಣಿ ಮಾಡು’ ಅಂತ ಲೇಖನದ ಉದ್ದಕ್ಕೂ ಬೇರೆ ಬೇರೆಯಾಗಿ ಇಟ್ಟಿದ್ದೇನೆ. ತಂತ್ರಾಂಶದ ಪರದೆಗಳನ್ನು ಕನ್ನಡಕ್ಕೆ ತರುವವರು ಇದನ್ನು ದಯವಿಟ್ಟು ಗಮನಿಸಬೇಕು.

‘ನಾಲ್ಕಕ್ಷರ’ ಎಂಬ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ. ಕನ್ನಡದಲ್ಲಿ ಅಕ್ಷರ ಅಂದರೆ ಬೈಟ್ ಅಲ್ಲ. ‘ಕ್ಷ’ ನಮಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಕ, ಹಲಂತ ಚಿಹ್ನೆ, ಷ ಎಂಬ ಮೂರು ಸಂಕೇತ. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು ಒಂಬತ್ತು. ಆಪಲ್ಲಿನ ನಾಲ್ಕು ಬೈಟಿನ ಜಾಗದಲ್ಲಿ ‘ಕ’ ಒಂದೇ ಹಿಡಿಸುತ್ತದೆ, ‘ಕ್ಷ’ ಹಿಡಿಸುವುದೇ ಇಲ್ಲ. ‘ನಾಲ್ಕು ಬೈಟಿನ ಅಂಕಿತ’ ಅಂತಲೇ ಬರೆಯೋಣ.

ಇದೆಲ್ಲ ಹಳೇ ಕಾಲದ್ದು, ಈಗ ಯಾಕೆ ಪದ ಬೇಕು ಅನ್ನಬಹುದು. ಫೋಟೋಶಾಪಿನಿಂದ ಉಳಿಸಿದ ಒಂದು ಜೆಪೆಗ್ ಚಿತ್ರವನ್ನು ಫೈಲಿನ ಬೈಟುಗಳನ್ನೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದು ನೋಡಿ. ಶುರುವಿನ ಭಾಗದಲ್ಲೇ 8, ಬಿ, ಐ, ಎಂ ಎಂಬ ನಾಲ್ಕು ಚಿಹ್ನೆಗಳು ಮತ್ತೆ ಮತ್ತೆ ಸಿಗುತ್ತವೆ. ಅದು ಮ್ಯಾಕಿಂಟಾಷ್‌ನಲ್ಲಿ ಫೋಟೋಶಾಪಿನ ಕ್ರಿಯೇಟರ್ ಕೋಡ್. ಮ್ಯಾಕನ್ನೇ ನೋಡದವರ ಮದುವೆ ಫೋಟೋಗಳಲ್ಲೂ ಆ ಅಂಕಿತ ಕೂತಿರುತ್ತದೆ. ಕೆಲವು ಅಂಕಿತಗಳು ಇತಿಹಾಸವನ್ನೂ ಹೇಳುತ್ತವೆ. 1987ರಲ್ಲಿ ಬಂದ ಆಪಲ್ಲಿನ ತಂತ್ರಾಂಶ ಹೈಪರ್‌ಕಾರ್ಡ್‌ನ ಕೋಡು ಡಬ್ಲ್ಯೂ, ಐ, ಎಲ್, ಡಿ, ಯಾಕೆಂದರೆ ಅದರ ಮೊದಲ ಹೆಸರು ವೈಲ್ಡ್‌ಕಾರ್ಡ್. ಅಡೋಬಿಯ ಪಿಡಿಎಫ್ ತಂತ್ರಾಂಶ ಅಕ್ರೋಬ್ಯಾಟ್‌ನದು ಸಿ, ಎ, ಆರ್, ಓ. ಒಳಗಿನವರು ಆ ಯೋಜನೆಯನ್ನು ಕ್ಯಾರೊಸೆಲ್ ಎಂದು ಕರೆಯುತ್ತಿದ್ದರು.

ಕನ್ನಡದ ಫಾಂಟುಗಳಲ್ಲೂ ಇದೇ ಪದ್ಧತಿ ಜೀವಂತವಾಗಿದೆ. ಓಪನ್‌ಟೈಪ್ ಫಾಂಟಿನೊಳಗೆ ಕನ್ನಡ ಲಿಪಿಗೆ ನಾಲ್ಕು ಬೈಟಿನ ಗುರುತು ಇದೆ: ಕೆ, ಎನ್, ಡಿ, ಎ. ಒತ್ತಕ್ಷರ ಜೋಡಿಸುವ ಹೊಸ ಕ್ರಮ ಬಂದಾಗ ಕೆ, ಎನ್, ಡಿ, 2 ಎಂಬ ಇನ್ನೊಂದು ಸೇರಿತು. ಇವು ಲಿಪಿಯ ಹೆಸರು, ಅಂದರೆ ನನ್ನ ಲೆಕ್ಕದಲ್ಲಿ ‘ಬಗೆ’. ಅದೇ ಫಾಂಟಿನಲ್ಲಿ ಅದನ್ನು ಮಾಡಿದವರ ನಾಲ್ಕು ಬೈಟಿನ ಗುರುತಿಗೂ ಒಂದು ಜಾಗವಿದೆ. ಅದನ್ನು ಮೈಕ್ರೋಸಾಫ್ಟ್‌ನಲ್ಲಿ ನೋಂದಣಿ ಮಾಡಿಸಬೇಕು. ಅದು ‘ಅಂಕಿತ’. ಪದ ಇಲ್ಲೂ ಸರಿಯಾಗಿ ಕೂರುತ್ತದೆ, ನನಗೆ ಧೈರ್ಯ ಬಂದದ್ದು ಇದರಿಂದಲೇ.

ಒಂದು ಕಡೆ ಮಾತ್ರ ಕೂರುವುದಿಲ್ಲ. 2005ರಲ್ಲಿ ಮ್ಯಾಕ್ ಓಎಸ್ ಟೆನ್‌ನ ಟೈಗರ್ ಆವೃತ್ತಿಯಿಂದ ಆಪಲ್ ಫೈಲುಗಳನ್ನು ಗುರುತಿಸಲು ಉದ್ದದ ಹೆಸರುಗಳ ಕಡೆ ತಿರುಗಿತು. ಕಾಮ್ ಡಾಟ್ ಅಡೋಬಿ ಡಾಟ್ ಪಿಡಿಎಫ್, ಈ ಥರ. ಆಂಡ್ರಾಯ್ಡ್ ಆ್ಯಪುಗಳ ಹೆಸರೂ ಹೀಗೇ. ನಮ್ಮಲ್ಲಿ ಊರು, ತಂದೆ, ಆಮೇಲೆ ತನ್ನ ಹೆಸರು ಬರುವಂತೆ ಇಲ್ಲೂ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ಡೊಮೇನ್, ಅಂದರೆ ಜಾಲತಾಣದ ವಿಳಾಸ, ನಿಮ್ಮದಾದರೆ ಅದರಡಿಯ ಹೆಸರೂ ನಿಮ್ಮದು, ಹೆಸರು ಕಟ್ಟುವ ಹೊತ್ತಿಗೆ ಯಾರನ್ನೂ ಕೇಳಬೇಕಿಲ್ಲ. ಹಾಗಾಗಿ ಇದು ಕೊಟ್ಟ ಅಂಕಿತ ಅಲ್ಲ. ‘ಪೂರ್ತಿ ಹೆಸರು’ ಅಂತ ಬರೆದಿದ್ದೇನೆ. ಡಾಟ್ ಭಾರತ ಎಂದು ಕನ್ನಡ ಲಿಪಿಯಲ್ಲೇ ಡೊಮೇನ್ ಸಿಗುತ್ತದೆ, ಆದರೆ ಆಂಡ್ರಾಯ್ಡ್ ಆ್ಯಪಿನ ಪೂರ್ತಿ ಹೆಸರಿನಲ್ಲಿ ಕನ್ನಡ ಅಕ್ಷರಕ್ಕೆ ಇನ್ನೂ ಜಾಗವಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

2009ರ ಸ್ನೋ ಲೆಪರ್ಡ್ ಆವೃತ್ತಿಯಿಂದ ಮ್ಯಾಕ್, ಫೈಲು ತೆರೆಯುವಾಗ ಕ್ರಿಯೇಟರ್ ಕೋಡನ್ನು ನೋಡುವುದನ್ನೇ ಬಿಟ್ಟಿತು. ಫೈಲಿನಲ್ಲಿ ಕೋಡು ಇರುತ್ತದೆ, ಯಾರೂ ಅದಕ್ಕೆ ಕಿವಿಗೊಡುವುದಿಲ್ಲ. ಇದಕ್ಕೆ ‘ರದ್ದಾದ’ ಸರಿಯಲ್ಲ, ಯಾರೂ ರದ್ದು ಮಾಡಿಲ್ಲ. ‘ಬಳಕೆ ತಪ್ಪಿದ ಅಂಕಿತ’ ಅಂತ ಸದ್ಯಕ್ಕೆ ಇಟ್ಟಿದ್ದೇನೆ. ದಾಸಸಾಹಿತ್ಯ ಚೆನ್ನಾಗಿ ಓದಿದವರು ಇದಕ್ಕಿಂತ ಒಳ್ಳೆಯ ಮಾತು ಗೊತ್ತಿದ್ದರೆ ಹೇಳಿ.

ಲೇಖನವನ್ನು ಈ ತಿಂಗಳ ಕೊನೆಗೆ ಕೊಡಬೇಕು. ‘ಅಂಕಿತ’ ಬೇಡ ಅನ್ನುವವರು ಬೇರೆ ಪದ ಸೂಚಿಸುವಾಗ ಕೊಡು, ಪಡೆ, ತಪ್ಪು ಈ ಮೂರು ಕ್ರಿಯಾಪದಗಳ ಜೊತೆ ಅದನ್ನು ಸೇರಿಸಿ ಒಂದೊಂದು ವಾಕ್ಯ ಬರೆದು ಕಳಿಸಿ. ‘ಬಗೆ’ ತೀರಾ ಸಡಿಲವಾಯಿತು ಅನ್ನಿಸಿದರೆ ಅದನ್ನೂ ತಿಳಿಸಿ.