ಗೋಧಿ ಹಿಟ್ಟು ಕೈ ಸುಡೋಷ್ಟು ಬಿಸಿ ಬರ್ತಿದೆ, ಕಲ್ಲು ಬದಲಾಯಿಸ್ಲಾ?

ಗಿರಣಿಮನೆ:
ಎಲ್ರಿಗೂ ನಮಸ್ಕಾರ. ಕಾಮಾಕ್ಷಿಪಾಳ್ಯದಲ್ಲಿ ಅಪ್ಪ ನಡೆಸ್ತಿದ್ದ ಗಿರಣಿ ಈಗ ನಾನು ನೋಡ್ಕೋತಿದೀನಿ, 10 ಎಚ್‌ಪಿ ಮೋಟ್ರು, 16 ಇಂಚಿನ ಎಮರಿ ಕಲ್ಲು. ಎರಡು ತಿಂಗ್ಳಿಂದ ಹಿಟ್ಟು ಕೈ ಇಡಕ್ಕಾಗ್ದಷ್ಟು ಬಿಸಿ, ಬೀಸೋದೂ ನಿಧಾನ, ಮೀಟರ್ 17 ಆಂಪಿಯರ್ ತೋರ್ಸತ್ತೆ. ಗಿರಾಕಿಗಳು ಇನ್ನೂ ನುಣ್ಣಗೆ ಇನ್ನೂ ನುಣ್ಣಗೆ ಅಂತಾರಲ್ಲ ಅಂತ ಕಲ್ಲು ಬಿಗಿ ಮಾಡ್ತಾನೇ ಹೋದೆ. ಮೊನ್ನೆ ಪಕ್ಕದ ಬೀದಿ ಆಂಟಿ ಎಲ್ರೆದುರು, ನಿಮ್ ಹಿಟ್ಟಿನ ಚಪಾತಿ ಮಧ್ಯಾಹ್ನ ಡಬ್ಬಿ ತೆಗೆಯೋ ಹೊತ್ತಿಗೆ ಹಪ್ಳ ಆಗಿರತ್ತೆ ಅಂದ್ಬಿಟ್ರು. ಹೊಸ ಕಲ್ಲು ಹಾಕ್ಸ್ಲಾ, ಕಲ್ಲಿಲ್ದೆ ಹೊಡೆದು ಪುಡಿ ಮಾಡೋ ಪಲ್ವರೈಸರ್ ಮಿಷನ್ ತಗೊಳ್ಲಾ?

ಚಪಾತಿಪ್ರಿಯ:
ಅದಿರ್ಲಿ, ರಾಗಿ ಬೀಸಿದ ಕಲ್ಲಿಗೇ ಗೋಧಿ ಸುರೀಬೇಡಿ ಗುರು. ನಮ್ಮ ಏರಿಯಾದಲ್ಲಿ ಮೊದಲ ಅರ್ಧ ಕೆಜಿ ಯಾವಾಗ್ಲೂ ಬೂದಿ ಬಣ್ಣ.

ಹುಬ್ಬಳ್ಳಿಯಾಂವ:
ಪಲ್ವರೈಸರ್ ಯಾಕ್ರೀ, ರೊಕ್ಕ ಹೆಚ್ಚಾಗೇತೇನು? ಕಲ್ಲಿಗೆ ಮುಳ್ಳು ಹೊಡೆಸಿ, ಅಂದ್ರ ಉಳಿಯಿಂದ ಕಲ್ಲಿನ ಗೆರಿ ಮತ್ತ ಚೂಪು ಮಾಡಿಸಿ, ಎಷ್ಟ್ ದಿನಾ ಆತು ಅದನ್ನ ಹೇಳ್ರಿ ಮೊದ್ಲ. ಮುಳ್ಳು ಸವದ್ರ ಕಲ್ಲು ಕಾಳನ್ನ ಕತ್ತರಿಸೂದಿಲ್ಲ, ಬರೇ ತಿಕ್ಕತದ, ಆ ತಿಕ್ಕಾಟಾನ ಬಿಸಿ, ಕರೆಂಟ್ ಬಿಲ್ಲೂ ಅದರಾಗ ಹೋಗತದ. ಬಿಗಿ ಮಾಡಿದ್ರ ಇನ್ನೂ ಕೆಡತದ. ಪಿಷ್ಟ ಸ್ವಲ್ಪ ಜಜ್ಜಿದ್ರ ಛಲೋನ, ನೀರು ಹಿಡೀತದ, ಚಪಾತಿ ಮೆತ್ತಗಾಗತದ, ಅತಿ ಆದ್ರ ಹಿಟ್ಟು ಕೈಗೆ ಅಂಟತದ, ಮ್ಯಾಲೆ ಆ ಬಿಸಿಗೆ ಗ್ಲುಟನ್, ಅಂದ್ರ ಹಿಟ್ಟು ಹರೀದಂಗ ಎಳೀಲಿಕ್ಕೆ ಬರೂಹಂಗ ಮಾಡೂ ಪ್ರೋಟೀನ್, ಸತ್ತು ಹೋಗತದ. ಬಿಸಿ ಹಿಟ್ಟು ಚೀಲಕ್ಕ ತುಂಬಿ ಬಾಯಿ ಕಟ್ಟಬ್ಯಾಡ್ರಿ ಮತ್ತ, ಒಳಗ ಬೆವತು ಗಂಟಾಗತದ.

ಮಿಲ್ಲರ್ ಯಶವಂತಪುರ:
ಮುಳ್ಳಿನ ಮಾತು ನಿಜ, ಆದ್ರೆ ಯಾರೂ ತೇವದ ಬಗ್ಗೆ ಹೇಳ್ಲಿಲ್ಲ. ಬೇಸಿಗೆಲಿ ಮಾರ್ಕೆಟ್ ಯಾರ್ಡಿಂದ ಬರೋ ಗೋಧಿ ಒಣಗಿ ಗಾಜಿನ ಥರ ಇರತ್ತೆ, ತೌಡು ಪುಡಿಪುಡಿಯಾಗಿ ಹಿಟ್ಟಿಗೆ ಸೇರಿ ಬಣ್ಣ ಕಪ್ಪಾಗತ್ತೆ. 100 ಕೆಜಿ ಗೋಧೀನ 10% ತೇವದಿಂದ 12%ಗೆ ತರ್ಬೇಕಂದ್ರೆ ಸುಮಾರು 2.3 ಲೀಟರ್ ನೀರು ಸಾಕು, ಚಿಮುಕಿಸಿ ಕಲಸಿ ರಾತ್ರಿಯಿಡೀ ಮುಚ್ಚಿಡಿ, ಸಿಪ್ಪೆ ನಾರಾಗತ್ತೆ, ಒಳಗಿನ ಕಾಳು ಸಡಿಲ ಆಗತ್ತೆ. ಕಲ್ಲಿನ ಬದ್ಲು ಕಬ್ಬಿಣದ ಉರುಳೆಲಿ ಬೀಸೋ ರೋಲರ್ ಮಿಲ್‌ನವ್ರು 15-16%ವರೆಗೂ ಏರಿಸ್ತಾರೆ, ಕಲ್ಲಲ್ಲಿ ಅಷ್ಟು ಹಾಕಿದ್ರೆ ಮೆತ್ಕೊಂಡು ನಿಂತೋಗತ್ತೆ, ಹುಷಾರು. ಗಿರಾಕಿ ಡಬ್ಬಿಲಿ ತರೋ 5 ಕೆಜಿಗೆ ಇದೆಲ್ಲಾ ಆಗಲ್ಲ ಬಿಡಿ, ನೀವೇ ಬೀಸಿ ಮಾರೋದಕ್ಕೆ ಮಾಡಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಿಲ್ಲಿಂಗ್ ಕಲಿಸೋ ಸ್ಕೂಲೇ ಇದೆ, ಒಂದ್ಸಲ ವಿಚಾರಿಸಿ.

ಗಿರಣಿಮನೆ:
ಶನಿವಾರ ಕಲ್ಲು ಬಿಚ್ಚಿಸ್ದೆ. ಅಂಚಿನ ಗೆರೆ ಮೇಲೆ ಉಗುರು ಎಳೆದ್ರೂ ಸಿಗ್ತಿರ್ಲಿಲ್ಲ, ಸ್ಲೇಟ್ ಥರ ನುಣ್ಣಗೆ! ಅಪ್ಪ ಒಂದ್ ಮಾತೂ ಆಡ್ಲಿಲ್ಲ, ಸುಮ್ನೆ ಉಳಿ ತಂದಿಟ್ರು. ಮುಳ್ಳು ಹೊಡೆಸಿ, ಬೆಲ್ಟ್ ಬಿಗಿ ಮಾಡಿ, ರಾತ್ರಿ ನೀರು ಹಾಕಿಟ್ಟ ಗೋಧಿ ಬೀಸಿದ್ವಿ, 13 ಆಂಪಿಯರ್‌ಗೆ ಇಳೀತು, ಹಿಟ್ಟು ಬರೀ ಬೆಚ್ಚಗಿತ್ತು. ಆಂಟಿಗೆ ಅಂತ 2 ಕೆಜಿ ತೆಗೆದಿಟ್ಟಿದೀನಿ, ಆದ್ರೆ ಅವ್ರು ಈಗ ಎದುರುಗಡೆ ಗಿರಣಿಗೆ ಹೋಗ್ತಿದಾರೆ.