ಅಲಬಾಮಾ ಫುಟ್‌ಬಾಲ್: ಬ್ರಯಂಟ್ ಆದ್ಮೇಲೆ ಸೇಬನ್ ಬರೋವರೆಗೆ ಏನಾಗಿತ್ತು?

ಟಚ್‌ಡೌನ್_ಹುಚ್ಚ:
ನಾನು ಅಮೆರಿಕನ್ ಕಾಲೇಜ್ ಫುಟ್‌ಬಾಲ್ ನೋಡೋಕೆ ಶುರು ಮಾಡಿದ್ದೇ ಕೋಚ್ ನಿಕ್ ಸೇಬನ್ ಕಾಲದಲ್ಲಿ, ಹಾಗಾಗಿ ಅಲಬಾಮಾ ಯೂನಿವರ್ಸಿಟಿ ಅಂದ್ರೆ ಸೋಲದ ಟೀಮ್ ಅಂತ ತಲೇಲಿ ಕೂತುಬಿಟ್ಟಿದೆ. ಹಳೇ ಫ್ಯಾನ್‌ಗಳು ಮಾತಾಡೋದು ಕೇಳಿದ್ರೆ ಹಳೇ ಕೋಚ್ ಬೇರ್ ಬ್ರಯಂಟ್ ಕಥೆ ಗಂಟೆಗಟ್ಲೆ ಹೇಳ್ತಾರೆ, ಆಮೇಲೆ ಸೀದಾ ಸೇಬನ್ ಬಂದ 2007ಕ್ಕೆ ಜಿಗಿತಾರೆ. ಮಧ್ಯದ ಇಪ್ಪತ್ತು ಚಿಲ್ಲರೆ ವರ್ಷ ಎಲ್ಲಿ ಹೋಯ್ತು? ಇನ್ನೊಂದು ಡೌಟು, ಆಡೋದು ಹುಡುಗ್ರು, ಆದ್ರೆ ಇತಿಹಾಸ ಎಲ್ಲಾ ಕೋಚ್‌ಗಳ ಹೆಸರಲ್ಲೇ ಇರುತ್ತಲ್ಲ, ಯಾಕೆ?

ಹಳೇ_ಸ್ಕೋರ್‌ಬುಕ್:
ಎರಡನೇ ಡೌಟಿಗೆ ಮೊದ್ಲು ಹೇಳ್ತೀನಿ. ಹುಡುಗ್ರು ನಾಲ್ಕೈದು ವರ್ಷ ಆಡಿ ಗಂಟುಮೂಟೆ ಕಟ್ಕೊಂಡು ಹೋಗ್ತಾರೆ, ಇರೋನು ಕೋಚ್ ಒಬ್ಬನೇ. ಹೈಸ್ಕೂಲ್ ಹುಡುಗನ ಮನೆಗೆ ಹೋಗಿ ಅವರಮ್ಮನ ಮುಂದೆ ಕೂತು ಒಪ್ಪಿಸಿ ಟೀಮಿಗೆ ಕರ್ಕೊಂಡ್ ಬರೋನೂ ಅವನೇ.

ಇನ್ನು ಅಲಬಾಮಾ ಏನು ಬ್ರಯಂಟ್‌ನಿಂದ ಶುರುವಾಗಿದ್ದಲ್ಲ. ವ್ಯಾಲೇಸ್ ವೇಡ್ ಅಂತ ಒಬ್ರು ಕೋಚ್ ಇದ್ರು, 1926ರ ರೋಸ್ ಬೌಲ್‌ನಲ್ಲಿ (ಬೌಲ್ ಅಂದ್ರೆ ಸೀಸನ್ ಮುಗಿದ್ಮೇಲೆ ಆಯ್ದ ಟೀಮ್‌ಗಳು ಆಡೋ ದೊಡ್ಡ ಪಂದ್ಯ) ವಾಷಿಂಗ್ಟನ್ ಟೀಮನ್ನ 20-19ರಿಂದ ಸೋಲಿಸಿದ್ರು. ದಕ್ಷಿಣದೋರಿಗೆ ಆಟ ಬರಲ್ಲ ಅಂತ ಮೂಗು ಮುರೀತಿದ್ದವ್ರ ಬಾಯಿ ಮುಚ್ಚಿಸಿದ ಪಂದ್ಯ ಅದು. ಅವ್ರ ನಂತರ ಫ್ರಾಂಕ್ ಥಾಮಸ್, ನೋಟ್ರ ಡೇಮ್‌ನಲ್ಲಿ ನ್ಯೂಟ್ ರಾಕ್ನಿ ಕೈಕೆಳಗೆ ಆಡಿದವ್ರು. ಥಾಮಸ್ ಟೀಮಲ್ಲಿ ಡಾನ್ ಹಟ್ಸನ್ ಒಂದು ಕಡೆ ಎಂಡ್ (ಸಾಲಿನ ತುದೀಲಿ ನಿಲ್ಲೋ ಆಟಗಾರ), ಇನ್ನೊಂದು ಕಡೆ ಎಂಡ್ ಯಾರು ಗೊತ್ತಾ, ಇದೇ ಬ್ರಯಂಟ್! 1935ರಲ್ಲಿ ಕಾಲು ಮೂಳೆ ಬಿರುಕು ಬಿಟ್ಟಿದ್ರೂ ಟೆನೆಸಿ ಮೇಲೆ ಆಡಿದ ಪುಣ್ಯಾತ್ಮ.

ಬಿದ್ದಿದ್ದೂ ಮೊದ್ಲೇ ಆಗಿದೆ. 1955ರಿಂದ 57ರವರೆಗೆ ವಿಟ್‌ವರ್ತ್ ಅನ್ನೋರು ಕೋಚ್, ಮೂರು ವರ್ಷಕ್ಕೆ ಸೇರಿ ಗೆದ್ದಿದ್ದು 4, ಸೋತಿದ್ದು 24. ಮೊದಲ ವರ್ಷ ಹತ್ತಕ್ಕೆ ಹತ್ತೂ ಸೋಲು. ಆಗ ಟೆಕ್ಸಸ್ ಎ ಅಂಡ್ ಎಂನಲ್ಲಿದ್ದ ಬ್ರಯಂಟ್‌ನ ವಾಪಸ್ ಕರೆಸಿದ್ರು, ಯಾಕೆ ಬಿಟ್ಟು ಹೋಗ್ತಿದೀರ ಅಂದ್ರೆ ಅಮ್ಮ ಕರೀತಿದಾಳೆ ಅಂದ್ರಂತೆ, ಅಮ್ಮ ಅಂದ್ರೆ ತಾವು ಓದಿದ ಅಲಬಾಮಾನೇ.

ವಿಶ್‌ಬೋನ್71:
ಬ್ರಯಂಟ್ ವಿಷ್ಯಕ್ಕೆ ಸ್ವಲ್ಪ ಸೇರಿಸ್ತೀನಿ. 25 ವರ್ಷ, 6 ರಾಷ್ಟ್ರೀಯ ಚಾಂಪಿಯನ್‌ಶಿಪ್, ಪ್ರಾಕ್ಟೀಸ್ ನೋಡೋಕೆ ಮೈದಾನದಲ್ಲೊಂದು ಎತ್ತರದ ಟವರ್, ಅದ್ರ ಮೇಲಿಂದ ಇಳಿದು ಬಂದ್ರೆ ಯಾರಿಗೋ ಗ್ರಹಚಾರ ಕಾದಿದೆ ಅಂತ ಲೆಕ್ಕ. ಆ ಚೌಕಳಿ ಹ್ಯಾಟ್ ಫೇಮಸ್ಸು, ಆದ್ರೆ ಮುಚ್ಚಿದ ಸ್ಟೇಡಿಯಂ ಆದ್ರೆ ಹಾಕ್ತಿರ್ಲಿಲ್ಲ, ಮನೆಯೊಳಗೆ ಹ್ಯಾಟ್ ಹಾಕ್ಬಾರ್ದು ಅಂತ ಅವ್ರಮ್ಮ ಕಲಿಸಿದ್ರಂತೆ.

ಒಂದು ಕಥೆ ಮಾತ್ರ ನಂಗೆ ಸರಿಬರಲ್ಲ. 1970ರಲ್ಲಿ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ) ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಬಂದು 42-21ರಿಂದ ಹೊಡೆದಾಕ್ತು, ಅವ್ರ ಕಪ್ಪು ಆಟಗಾರ ಸ್ಯಾಮ್ ಕನಿಂಗ್‌ಹ್ಯಾಮ್ 135 ಯಾರ್ಡ್ ಓಡಿದ, ಆ ಒಂದು ರಾತ್ರಿಯಲ್ಲಿ ಅಲಬಾಮಾ ಕಣ್ಣು ತೆರೀತು ಅಂತಾರೆ. ವಿಲ್ಬರ್ ಜಾಕ್ಸನ್ ಅನ್ನೋ ಕಪ್ಪು ಹುಡುಗ ಅಷ್ಟೊತ್ತಿಗಾಗ್ಲೇ ಸ್ಕಾಲರ್‌ಶಿಪ್ ಮೇಲೆ ಅಲ್ಲಿದ್ದ! ಫ್ರೆಶ್‌ಮನ್‌ಗಳಿಗೆ, ಅಂದ್ರೆ ಮೊದಲ ವರ್ಷದವ್ರಿಗೆ, ಆಗ ಮುಖ್ಯ ಟೀಮಲ್ಲಿ ಆಡೋ ಹಾಗಿರ್ಲಿಲ್ಲ ಅಷ್ಟೇ. ಆ ಸೋಲಿಂದ ಫ್ಯಾನ್‌ಗಳ ಬಾಯಿ ಮುಚ್ಚಿತು ಅಂದ್ರೆ ಒಪ್ತೀನಿ. ಅದಕ್ಕೂ ಮುಂಚೆ ಅಷ್ಟು ವರ್ಷ ಬಿಳಿಯರ ಟೀಮೇ ಇಳಿಸಿದ್ದಕ್ಕೆ ಬ್ರಯಂಟ್‌ಗೆ ಪೂರ್ತಿ ಮಾಫಿ ಕೊಡೋಕೆ ಮಾತ್ರ ನಾನು ರೆಡಿ ಇಲ್ಲ. ಮುಂದಿನ ವರ್ಷ ಚೆಂಡು ಹಿಡಿದು ಓಡೋದಕ್ಕೇ ಒತ್ತು ಕೊಡೋ ವಿಶ್‌ಬೋನ್ ಅನ್ನೋ ಆಟದ ಪದ್ಧತಿನ ಗುಟ್ಟಾಗಿ ಕಲಿಸಿ ಅದೇ ಯುಎಸ್‌ಸಿನ ಅವ್ರ ಊರಲ್ಲೇ 17-10ರಿಂದ ಸೋಲಿಸಿದ್ರು, ಆ ಪಂದ್ಯದಲ್ಲಿ ಜಾನ್ ಮಿಚೆಲ್ ಅಲಬಾಮಾ ಪರ ಆಡಿದ ಮೊದಲ ಕಪ್ಪು ಆಟಗಾರ.

ಹಳೇ_ಸ್ಕೋರ್‌ಬುಕ್:
@ವಿಶ್‌ಬೋನ್71 ಒಪ್ಪಿದೆ. ಈಗ ಮಧ್ಯದ ವರ್ಷಗಳ ಕಥೆ. ಬ್ರಯಂಟ್ 1982ರ ಡಿಸೆಂಬರ್ 29ಕ್ಕೆ ಕೊನೇ ಪಂದ್ಯ ಗೆದ್ರು, 1983ರ ಜನವರಿ 26ಕ್ಕೆ ತೀರ್ಕೊಂಡ್ರು, ತಿಂಗಳೂ ಆಗಿರ್ಲಿಲ್ಲ. ಆ ಕುರ್ಚಿ ಮೇಲೆ ಯಾರು ಕೂತ್ರೂ ಚಿಕ್ಕವ್ರೇ ಕಾಣೋರು. ಮೊದ್ಲು ರೇ ಪರ್ಕಿನ್ಸ್ ಬಂದ್ರು, ಬ್ರಯಂಟ್ ಕೈಕೆಳಗೆ ಆಡಿದವ್ರೇ, ಬಂದ್ಮೇಲೆ ಆ ಟವರ್ ತೆಗೆಸಿಬಿಟ್ರು, ಜನ ಸುಮ್ನಿರ್ತಾರಾ? ಆಮೇಲೆ ಬಿಲ್ ಕರಿ, ಜಾರ್ಜಿಯಾ ಟೆಕ್ ಕಾಲೇಜಿನವ್ರು, ಹೊರಗಿನೋರು ಅಂತ ಮೊದಲ ದಿನದಿಂದಲೇ ಮುನಿಸು. 1988ರಲ್ಲಿ ಒಂದು ಪಂದ್ಯ ಸೋತಾಗ ಆಫೀಸ್ ಕಿಟಕಿಗೆ ಇಟ್ಟಿಗೆ ಬಿತ್ತು. 1989ರಲ್ಲಿ 10 ಪಂದ್ಯ ಗೆದ್ರು ಪಾಪ, ಆದ್ರೂ ಅದೇ ರಾಜ್ಯದ ಬದ್ಧವೈರಿ ಆಬರ್ನ್ ಮೇಲೆ ಮೂರೂ ವರ್ಷ ಸೋತ್ರು ಅನ್ನೋದೇ ದೊಡ್ಡದಾಯ್ತು, ಕೊನೆಗೆ ಕೆಂಟಕಿಗೆ ಹೋಗ್ಬಿಟ್ರು. ಆಬರ್ನ್ ಮೇಲೆ ಸೋತೋನಿಗೆ ಅಲ್ಲಿ ಅನ್ನ ಹುಟ್ಟಲ್ಲ.

ಎಲ್ರೂ ಮರೆಯೋದು ಜೀನ್ ಸ್ಟಾಲಿಂಗ್ಸ್‌ನ, ಇದು ನಂಗೆ ಸಿಟ್ಟು ತರೋ ವಿಷ್ಯ. 1992ರಲ್ಲಿ 13ಕ್ಕೆ 13 ಗೆದ್ದು ಶುಗರ್ ಬೌಲ್‌ನಲ್ಲಿ ಮಯಾಮಿಗೆ 34-13ರಿಂದ ನೀರು ಕುಡಿಸಿದ್ರು. ಮಯಾಮಿ ಆಟಗಾರ ಟಚ್‌ಡೌನ್ ಕಡೆ ಓಡ್ತಿದ್ರೆ ಜಾರ್ಜ್ ಟೀಗ್ ಹಿಂದಿಂದ ಅಟ್ಟಿಸ್ಕೊಂಡು ಬಂದು ಚೆಂಡನ್ನ ಅವನ ಕೈಯಿಂದ ಕಿತ್ಕೊಂಡ. ಪೆನಾಲ್ಟಿಯಿಂದ ಆ ಪ್ಲೇ (ಚೆಂಡು ಹೊರಟು ನಿಲ್ಲೋವರೆಗಿನ ಒಂದು ಸುತ್ತು) ದಾಖಲೆಗೆ ಸೇರ್ಲೇ ಇಲ್ಲ, ಆದ್ರೂ ಜನ ಇವತ್ತಿಗೂ ನೆನಪಿಟ್ಟಿರೋದು ಅದನ್ನೇ.

ಸ್ಟಾಲಿಂಗ್ಸ್ ಹೋದ್ಮೇಲೆ ನಿಜವಾದ ಗೋಳು. ರಿಕ್ರೂಟಿಂಗ್ (ಹುಡುಗ್ರನ್ನ ಟೀಮಿಗೆ ಸೇರಿಸ್ಕೊಳ್ಳೋ ಕೆಲಸ) ಹಗರಣ, 2002ರಲ್ಲಿ ಕಾಲೇಜ್ ಕ್ರೀಡೆ ನೋಡ್ಕೊಳ್ಳೋ ಸಂಸ್ಥೆ ಎನ್‌ಸಿಎಎ ಎರಡು ವರ್ಷ ಬೌಲ್ ಆಡೋ ಹಾಗಿಲ್ಲ ಅಂತ ಬ್ಯಾನ್ ಹಾಕ್ತು, ಸ್ಕಾಲರ್‌ಶಿಪ್‌ಗಳನ್ನೂ ಕಿತ್ಕೊಳ್ತು. ಆ ವರ್ಷ ಮುಗೀತಿದ್ದಂಗೆ ಆಗಿನ ಕೋಚ್ ಫ್ರಾಂಚಿಯೋನಿ ಟೆಕ್ಸಸ್ ಎ ಅಂಡ್ ಎಂಗೆ ಹೊರಟುಹೋದ್ರು, ನಂತರ ಬಂದ ಮೈಕ್ ಪ್ರೈಸ್ ಒಂದೇ ಒಂದು ಪಂದ್ಯ ಆಡ್ಸೋ ಮುಂಚೆ ಕೆಲಸ ಕಳ್ಕೊಂಡ್ರು. ಆಮೇಲೆ ಮೈಕ್ ಶೂಲಾ, ಅವ್ರೂ ಆಬರ್ನ್ ಮೇಲೆ ನಾಲ್ಕಕ್ಕೆ ನಾಲ್ಕೂ ಸೋತ್ರು.

ಏಳು_ಸೆಕೆಂಡ್:
ಸೇಬನ್ ಬಂದ ತಕ್ಷಣ ಎಲ್ಲಾ ಸರಿಹೋಯ್ತು ಅಂತ ಅಂದ್ಕೋಬೇಡಿ, 2007ರಲ್ಲಿ ಸ್ವಂತ ಮೈದಾನದಲ್ಲೇ ಲೂಸಿಯಾನಾ-ಮನ್ರೋ ಅನ್ನೋ ಸಣ್ಣ ಟೀಮಿಗೆ 21-14ರಿಂದ ಸೋತ್ರು. ಅವ್ರ 'ಪ್ರೋಸೆಸ್' ಅನ್ನೋ ವಿಧಾನ ಶುರುವಾಗಿದ್ದು ಮಿಶಿಗನ್ ಸ್ಟೇಟ್‌ನಲ್ಲಿ ಕೋಚ್ ಆಗಿದ್ದಾಗ, 1998ರಲ್ಲಿ. ನಂಬರ್ ಒನ್ ಆಗಿದ್ದ ಒಹಾಯೋ ಸ್ಟೇಟ್ ಮೇಲೆ ಆಡ್ಬೇಕಿತ್ತು, ಲಯನಲ್ ರೋಸೆನ್ ಅನ್ನೋ ಮನೋವೈದ್ಯರು ಸ್ಕೋರ್ ಯೋಚ್ನೆ ಬಿಡಿ, ಒಂದು ಪ್ಲೇ ಇರೋದು ಏಳು ಸೆಕೆಂಡು, ಅದೊಂದನ್ನ ಸರಿಯಾಗಿ ಆಡ್ಸಿ ಅಂದ್ರಂತೆ, 28-24ಕ್ಕೆ ಗೆದ್ರು. ಅಲಬಾಮಾದಲ್ಲಿ ಅದನ್ನೇ ರಿಕ್ರೂಟಿಂಗ್‌ಗೂ ಊಟಕ್ಕೂ ನಿದ್ದೆಗೂ ಹಚ್ಚಿದ್ರು, 2009ರಿಂದ 2020ರೊಳಗೆ 6 ಚಾಂಪಿಯನ್‌ಶಿಪ್. 2024ರ ಜನವರಿಯಲ್ಲಿ ನಿವೃತ್ತಿ, ಆ ಜಾಗಕ್ಕೆ ಕೇಲನ್ ಡಿಬೋರ್ ಬಂದ್ರು. ಪರ್ಕಿನ್ಸ್‌ಗೂ ಕರಿಗೂ ಆಗಿದ್ದು ಇವ್ರಿಗೂ ಆಗೋ ಚಾನ್ಸ್ ಜಾಸ್ತಿ, ನನ್ನ ಅನಿಸಿಕೆ ಅಷ್ಟೇ.

ಟಚ್‌ಡೌನ್_ಹುಚ್ಚ:
ಥ್ಯಾಂಕ್ಸ್ ಎಲ್ರಿಗೂ. ಬ್ರಯಂಟ್ ಕಾಲದ್ದು ಒಂದೇ ಪಂದ್ಯ ನೋಡೋದಾದ್ರೆ ಯಾವ್ದು?

ವಿಶ್‌ಬೋನ್71:
1979ರ ಶುಗರ್ ಬೌಲ್, ಪೆನ್ ಸ್ಟೇಟ್ ಮೇಲೆ, 14-7. ಪುರುಸೊತ್ತಿಲ್ಲ ಅಂದ್ರೆ ನಾಲ್ಕನೇ ಕ್ವಾರ್ಟರ್ ಒಂದೇ ನೋಡಿ, ಪೆನ್ ಸ್ಟೇಟ್ ಗೋಲ್ ಲೈನ್ ಹತ್ರ ಬಂದು ಫೋರ್ತ್ ಡೌನ್‌ನಲ್ಲಿ, ಅಂದ್ರೆ ನಾಲ್ಕನೇ, ಕೊನೇ ಪ್ರಯತ್ನದಲ್ಲಿ, ಮಧ್ಯಕ್ಕೇ ನುಗ್ಗತ್ತೆ, ಅಲಬಾಮಾದ ಬ್ಯಾರಿ ಕ್ರಾಸ್ ಗಾಳಿಯಲ್ಲೇ ತಡೆದು ನಿಲ್ಲಿಸ್ತಾನೆ.