ಒಂದು ಜೀರುಂಡೆ, ಎರಡು ದೋಣಿ
ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್‌ನಲ್ಲಿ ಕೆಲಸ ಸಿಕ್ಕಿದೆ, ಮಕ್ಕಳನ್ನು ಕಟ್ಟಿಕೊಂಡು ಅಷ್ಟು ದೂರ ಹೋಗಬಹುದಾ, ಅವರ ಕನ್ನಡದ ಗತಿ ಏನು ಅಂತ ಮೊನ್ನೆ ಇಲ್ಲಿ ಒಬ್ಬರು ಕೇಳಿದ್ದರು. ನಾವು ಬಂದು ನಾಲ್ಕು ವರ್ಷವಾಯಿತು. ನಮ್ಮ ಬೀದಿಯಲ್ಲಿ ಕನ್ನಡದ ಮನೆ ಅಂದರೆ ನಮ್ಮದೊಂದೇ. ಏಳು ವರ್ಷದ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು. ಗೋಡೆಗೆ ಅಕ್ಷರಮಾಲೆಯ ಪಟ ಅಂಟಿಸಿದ್ದೆ. ಅದು ಬಿಸಿಲಿಗೆ ಬಣ್ಣ ಬಿಟ್ಟಿತು, ಅಷ್ಟೇ.

ಹೋದ ವರ್ಷ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದರು. ಜೂನ್ ಕೊನೆಗೆ ಶಾಲೆಗೆ ರಜೆ ಬಿದ್ದ ಕೂಡಲೇ ನಿಟ್ಮಿಲುಕ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು. ಕ್ಯಾಥರಿನ್ ಗಾರ್ಜ್ ಅಂದರೆ ಜಾಸ್ತಿ ಜನಕ್ಕೆ ಗೊತ್ತಾಗುತ್ತದೆ. ಡಾರ್ವಿನ್‌ನಿಂದ ಕ್ಯಾಥರಿನ್ ಊರಿಗೆ ಸುಮಾರು 320 ಕಿ.ಮೀ., ಅಲ್ಲಿಂದ ಇನ್ನೊಂದು 30. ಹೆದ್ದಾರಿಯಲ್ಲಿ ಗಂಟೆಗೆ 130 ಕಿ.ಮೀ. ವೇಗದವರೆಗೂ ಹೋಗಬಹುದು. ಆದರೆ ಕತ್ತಲಾದ ಮೇಲೆ ಬೇಡ, ಪ್ರಾಣಿಗಳು ಅಡ್ಡ ಬರುತ್ತವೆ. ದಾರಿಯುದ್ದಕ್ಕೂ ಒಣ ಕಾಡು, ಆಳೆತ್ತರದ ಹುತ್ತಗಳು. ಹುತ್ತ ಕಂಡಾಗಲೆಲ್ಲ ಕೈ ಮುಗಿಯುತ್ತಿದ್ದ ಅಮ್ಮ, ಪೈನ್ ಕ್ರೀಕ್ ಬರುವಷ್ಟರಲ್ಲಿ ಸುಸ್ತಾಗಿ ಬಿಟ್ಟುಬಿಟ್ಟರು.

ಕ್ಯಾಥರಿನ್ ನದಿ ಮರಳುಗಲ್ಲನ್ನು ಕೊರೆದು ಮಾಡಿಕೊಂಡ ದಾರಿ ಇದು. ಒಂದೇ ಕಮರಿ ಅಲ್ಲ, 13. ಮಳೆಗಾಲದಲ್ಲಿ ಎಲ್ಲವೂ ಒಂದೇ ಹೊಳೆ. ನೀರು ಇಳಿದ ಮೇಲೆ ನಡುನಡುವೆ ಬಂಡೆಗಳು ತಲೆ ಎತ್ತುತ್ತವೆ. ಹಾಗಾಗಿ ಮೊದಲ ಕಮರಿ ಮುಗಿದಲ್ಲಿ ದೋಣಿ ಇಳಿದು, ಕಲ್ಲಿನ ಮೇಲೆ ನಡೆದು, ಆಚೆ ಕಾಯುತ್ತಿರುವ ಇನ್ನೊಂದು ದೋಣಿ ಹತ್ತಬೇಕು. ಸ್ವಲ್ಪ ದೂರ ತಾನೇ ಅಂತ ಮಗಳಿಗೆ ಹವಾಯಿ ಚಪ್ಪಲಿ ಹಾಕಿಸಿದ್ದೆ. ಅರ್ಧ ದಾರಿಯಲ್ಲಿ ಉಂಗುಷ್ಠ ಕಿತ್ತು ಬಂತು. ಕಾದ ಬಂಡೆ, ಬರಿಗಾಲು. ನಮ್ಮವರು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡರು, ಬೈಗುಳ ನನಗೆ. ಬಂಡೆ ಮೇಲಿನ ಹಳೆಯ ಚಿತ್ರಗಳನ್ನು ಅವಳೊಬ್ಬಳೇ ಸರಿಯಾಗಿ ನೋಡಿದ್ದು, ಅಷ್ಟೆತ್ತರದಿಂದ.

ಮೊಸಳೆ ವಿಷಯ ಎಲ್ಲರೂ ಕೇಳುತ್ತೀರಿ. ಇಲ್ಲಿರುವವು ಸಿಹಿನೀರಿನವು. ಮೂತಿ ಸಪೂರ, ಕೆಣಕದಿದ್ದರೆ ತಮ್ಮ ಪಾಡಿಗೆ ಬಿದ್ದಿರುತ್ತವೆ. ಮಳೆಗಾಲದಲ್ಲಿ ನೆರೆಯ ಜೊತೆ ಉಪ್ಪುನೀರಿನ ದೊಡ್ಡ ಮೊಸಳೆ ಮೇಲಕ್ಕೆ ಬರಬಹುದು. ಅದಕ್ಕೇ ನೀರು ಇಳಿದ ಮೇಲೆ ರೇಂಜರ್‌ಗಳು ಬೋನು ಇಟ್ಟು, ಹುಡುಕಿ ನೋಡಿ, ಆಮೇಲೆಯೇ ಈಜಲು ಬಿಡುವುದು. ಬೋರ್ಡ್ ಓದದೆ ನೀರಿಗೆ ಕಾಲಿಡಬೇಡಿ.

ಎರಡನೇ ಕಮರಿಯಲ್ಲಿ ಗೈಡ್ ದನಿ ತಗ್ಗಿಸಿದರು. ಅಲ್ಲಿನ ಆಳದ ಮಡುವಿನಲ್ಲಿ ಬೋಲುಂಗ್ ಎಂಬ ಕಾಮನಬಿಲ್ಲಿನ ಹಾವು ಇದೆ, ಈ ನೆಲದ ಮೂಲನಿವಾಸಿಗಳಾದ ಜಾವೊಯ್ನ್ ಜನ ಅಲ್ಲಿ ಮೀನು ಹಿಡಿಯುವುದಿಲ್ಲ ಅಂದರು. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. "ನಮ್ಮ ನಾಗಬನದಲ್ಲಿ ಸೊಪ್ಪು ಕೀಳ್ತೀವಾ? ಹಾಗೇ" ಅಂದರು ಅಮ್ಮ. ಹುತ್ತದ ಹತ್ತಿರ ಬಿಟ್ಟ ನಮಸ್ಕಾರ ಇಲ್ಲಿ ಮುಂದುವರಿಯಿತು.

ಈ ನೆಲ ಜಾವೊಯ್ನ್ ಜನರಿಗೆ ಮರಳಿದ್ದು 1989ರಲ್ಲಿ. ಅವರು ಅದನ್ನು ಉದ್ಯಾನವಾಗಿ ಸರ್ಕಾರಕ್ಕೆ ಗುತ್ತಿಗೆಗೆ ಕೊಟ್ಟು, ಜೊತೆಗೂಡಿ ನೋಡಿಕೊಳ್ಳುತ್ತಾರೆ. ಹೆಸರಿನ ಕಥೆಯೂ ಅವರದೇ. ಸೃಷ್ಟಿಯ ಕಾಲದಲ್ಲಿ ನಬಿಲಿಲ್ ಎಂಬ ಮೊಸಳೆಯಂಥ ಜೀವಿ ಬೆಂಕಿಕೊಳ್ಳಿ ಹಿಡಿದು ಬಂದು ಕಮರಿಯ ಬಾಯಲ್ಲಿ ತಂಗಿತಂತೆ. ಅಲ್ಲಿ ಒಂದು ಹುಳ "ನಿಟ್, ನಿಟ್" ಅಂತ ಕೂಗುತ್ತಿತ್ತು. ಅದಕ್ಕೇ ನಿಟ್ಮಿಲುಕ್. ಗೈಡ್ ಆ ಕೂಗನ್ನು ಮಾಡಿ ತೋರಿಸಿದರು.

"ವಾಟ್ಸ್ ದಟ್ ಬಗ್?" ಅಂತ ಮಗಳು ನನ್ನನ್ನು ಕೇಳಿದಳು. ನಾನು ಸಿಕಾಡ ಅನ್ನುವಷ್ಟರಲ್ಲಿ ಅಮ್ಮ ಬಾಯಿ ಹಾಕಿದರು.

"ಜೀರುಂಡೆ ಕಣೇ ಪುಟ್ಟಿ. ನಮ್ಮಲ್ಲಿ ಜೀರ್‌ ಅಂತ ಕೂಗತ್ತೆ, ಅದಕ್ಕೇ ಜೀರುಂಡೆ."

"ನೋ ಅಜ್ಜಿ, ನಿಟ್ ನಿಟ್."

"ನಿಮ್ಮೂರಲ್ಲಿ ನಿಟ್. ನಮ್ಮೂರಲ್ಲಿ ಜೀರ್."

ಅಜ್ಜಿ ಮೊಮ್ಮಗಳ ಜಗಳ ದಡ ಮುಟ್ಟುವವರೆಗೂ ನಡೆಯಿತು. ದೋಣಿಯಲ್ಲಿದ್ದ ಮುದುಕರೊಬ್ಬರು ನಗುತ್ತಾ ಜೀರುಂಡೆ ಅನ್ನಲು ನೋಡಿ ಸೋತರು. ಮಗಳು ಅವರನ್ನು ತಿದ್ದಿದಳು, ಎರಡು ಸಲ. ಹಿಂದಿರುಗುವಾಗ ಕಾರಿನಲ್ಲಿ ಗೈಡ್ ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿತ್ತು. ಜಾವೊಯ್ನ್ ಭಾಷೆಯನ್ನು ಸಲೀಸಾಗಿ ಆಡುವವರು ಈಗ ತೀರಾ ಕಡಿಮೆ, ಮಕ್ಕಳು ಆಡುವುದು ಇಂಗ್ಲಿಷ್ ಬೆರೆತು ಹುಟ್ಟಿದ ಕ್ರಿಯೋಲ್ ಭಾಷೆ. ನಿಟ್ಮಿಲುಕ್ ಅನ್ನುವ ಹೆಸರೇನೋ ಊರಿಗೆ ವಾಪಸ್ ಬಂತು, ಭಾಷೆ ಬರಲಿಲ್ಲ, ಅಲ್ವಾ.

ಪಟ ಅಂಟಿಸುವುದನ್ನು ಬಿಟ್ಟೆ. ಅಮ್ಮನ ಜೊತೆ ದಿನಾ ಒಂದು ಫೋನ್ ಮಾತ್ರ ಉಳಿಸಿಕೊಂಡಿದ್ದೇನೆ. ಕೆಲಸದ ಬಗ್ಗೆ ಕೇಳಿದವರಿಗೆ ನನ್ನ ಉತ್ತರ: ಬನ್ನಿ, ಆದರೆ ವರ್ಷಕ್ಕೊಮ್ಮೆಯಾದರೂ ಅಜ್ಜ ಅಜ್ಜಿಯರನ್ನು ಕರೆಸಿಕೊಳ್ಳುವಷ್ಟು ದುಡ್ಡು ಉಳಿಯುತ್ತದಾ ನೋಡಿಕೊಂಡು ಬನ್ನಿ. ಮನೆ ಬಾಡಿಗೆಗಿಂತ ಆ ಲೆಕ್ಕ ಮುಖ್ಯ.

ನಾವು ಹೋದಾಗ ಒಣ ಕಾಲ, ಕಮರಿಯಲ್ಲಿ ಒಂದು ಹುಳವೂ ಕೂಗಲಿಲ್ಲ. ಅಮ್ಮ ಸೆಪ್ಟೆಂಬರ್‌ನಲ್ಲಿ ಊರಿಗೆ ಹೋದರು. ಮಳೆಗೆ ಮುಂಚಿನ ಸೆಖೆ ಶುರುವಾದ ಮೇಲೆ ಒಂದು ಸಂಜೆ ನಮ್ಮ ಹಿತ್ತಿಲ ಮರದಿಂದ ಒಮ್ಮೆಗೇ ಸದ್ದು ಎದ್ದಿತು. ಮಗಳು ಒಳಗೆ ಓಡಿ ಬಂದಳು.

"ಅಮ್ಮಾ, ಜೀರುಂಡೆ ಬಂತು. ಅಜ್ಜಿಗೆ ಫೋನ್ ಮಾಡು."

ಅಲ್ಲಿ ಮಧ್ಯಾಹ್ನ ಮೂರು ಗಂಟೆ, ಅಮ್ಮ ಆಗಷ್ಟೇ ಮಲಗಿ ಎದ್ದಿದ್ದರು. ಮಗಳು ಫೋನನ್ನು ಕಿಟಕಿಯಾಚೆ ಚಾಚಿ ಹಿಡಿದಳು.

"ಸರಿಯಾಗಿ ಕೇಳ್ತಿಲ್ಲ ಪುಟ್ಟಿ, ಇನ್ನೂ ಸ್ವಲ್ಪ ಹೊರಗೆ ಹಿಡಿ" ಅಂದರು ಅಮ್ಮ.